ಊಟ ಮಾಡಿದ್ದು ಹೌದು, ಕ್ಯಾಶ್‌ಬ್ಯಾಕ್ ಎಲ್ಲಿ?

ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟ್ ಬಂದಾಗ ಹೆಚ್ಚಿನವರು ನೋಡುವುದು ಎರಡನ್ನೇ: ಎಷ್ಟು ಕಟ್ಟಬೇಕು, ಯಾವತ್ತಿನೊಳಗೆ ಕಟ್ಟಬೇಕು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಕ್ಯಾಶ್‌ಬ್ಯಾಕಿನ ಸಾಲೊಂದು ಇರುತ್ತದೆ. ಅದರ ಮೇಲೆ ಕಣ್ಣು ಹೋಗುವುದೇ ಇಲ್ಲ. ನಾನು ವೃತ್ತಿಯಿಂದ ಲೆಕ್ಕ ಬರೆಯುವವನು. ಕುವೈತಿನ ಅರ್ದಿಯಾ ಕೈಗಾರಿಕಾ ವಲಯದಲ್ಲಿ ನನ್ನ ಆಫೀಸು. ಹಾಗಾಗಿ ಆ ಸಾಲನ್ನೂ ಓದುವ ಅಭ್ಯಾಸ ನನಗಿದೆ. ಕಳೆದ ಚಳಿಗಾಲದ ಒಂದು ಸ್ಟೇಟ್‌ಮೆಂಟಿನಲ್ಲಿ, ಇರಲೇಬೇಕಾಗಿದ್ದ 2.450 ದಿನಾರ್ ಅಲ್ಲಿ ಇರಲಿಲ್ಲ.

ಇಲ್ಲಿ ಶುಕ್ರವಾರ, ಶನಿವಾರ ರಜೆ. ಹೊರಗೆ ಊಟಕ್ಕೆ ಹೋಗುವವರಿಗೆ ಗುರುವಾರದ ರಾತ್ರಿಯೇ ಅನುಕೂಲ. ಅಂಥದೊಂದು ಗುರುವಾರ ಫರ್ವಾನಿಯಾದಿಂದಲೂ ಅಬ್ಬಾಸಿಯಾದಿಂದಲೂ ನಮ್ಮ ಕಡೆಯ ಎರಡು ಕುಟುಂಬಗಳು ಬಂದಿದ್ದವು. ಅರ್ದಿಯಾದಲ್ಲೇ ಒಂದು ಹೋಟೆಲಿನಲ್ಲಿ ಊಟ ಮಾಡಿದೆವು. ಮಕ್ಕಳಿಗೆ ದೋಸೆ, ದೊಡ್ಡವರಿಗೆ ಬಿರಿಯಾನಿ, ಕೊನೆಗೆ ಎಲ್ಲರಿಗೂ ಚಹಾ. ಬಿಲ್ಲು 24.500 ದಿನಾರ್. ಕುವೈತಿನಲ್ಲಿ ವ್ಯಾಟ್ ಇಲ್ಲದ ಕಾರಣ ಮೆನುವಿನ ದರವನ್ನು ಕೂಡಿದರೆ ಬಿಲ್ಲಿನ ಮೊತ್ತವೇ ಬರುತ್ತದೆ. ಹೋಟೆಲ್ ಊಟಕ್ಕೆ ಶೇ 10 ವಾಪಸು ಎಂದು ನನ್ನ ಕಾರ್ಡಿನ ಜಾಹೀರಾತು ಹೇಳುತ್ತದೆ. ಅಂದರೆ 2.450 ದಿನಾರ್, ನಮ್ಮ ಲೆಕ್ಕದಲ್ಲಿ ಸುಮಾರು ಏಳುನೂರು ರೂಪಾಯಿ. ಒಂದೊಂದು ಫಿಲ್ಸ್ ಎಣಿಸಿ ಊರಿಗೆ ದುಡ್ಡು ಕಳಿಸುವವರ ನಡುವೆ ಬದುಕುವ ನನಗೆ ಅದು ಬಿಟ್ಟುಬಿಡುವ ಮೊತ್ತವಾಗಿ ಕಾಣಲಿಲ್ಲ.

ಇಂಥ ಹೊತ್ತಿನಲ್ಲಿ ಕಾಲ್ ಸೆಂಟರಿಗೆ ಫೋನ್ ಮಾಡುವ ಮೊದಲು ನೋಡಬೇಕಾದ್ದು ಹಣ ಯಾವ ಕಾರ್ಡಿನಿಂದ ಹೋಯಿತು ಎಂಬುದನ್ನು. 2022ರ ಡಿಸೆಂಬರಿನಲ್ಲಿ ಆ್ಯಪಲ್ ಪೇ ಕುವೈತಿಗೆ ಬಂದ ಮೇಲೆ ಮಿಷಿನ್ನಿಗೆ ಫೋನ್ ಹಿಡಿಯುವವರೇ ಹೆಚ್ಚು. ಫೋನಿನಲ್ಲಿ ಮೊದಲಿಗೆ ನಿಂತಿರುವುದು ಎಷ್ಟೋ ಸಲ ಸಂಬಳದ ಖಾತೆಯ ಡೆಬಿಟ್ ಕಾರ್ಡ್. ಅದರ ಹಣ 1992ರಲ್ಲಿ ಇಲ್ಲಿನ ಬ್ಯಾಂಕುಗಳು ಸೇರಿ ಕಟ್ಟಿದ ಕೆ-ನೆಟ್ ಜಾಲದಲ್ಲಿ ಹೋಗುತ್ತದೆ, ಕ್ರೆಡಿಟ್ ಕಾರ್ಡಿನ ಕ್ಯಾಶ್‌ಬ್ಯಾಕಿಗೂ ಅದಕ್ಕೂ ಸಂಬಂಧವೇ ಇಲ್ಲ. ಸ್ಲಿಪ್ಪಿನಲ್ಲಿ ಕಾರ್ಡಿನ ಕೊನೆಯ ನಾಲ್ಕು ಅಂಕಿ ಇರುತ್ತವೆ, ಹೊಂದಿಸಿ ನೋಡಿದರೆ ಸಾಕು. ಇನ್ನು ತಾರೀಕು. ತಿಂಗಳ ಲೆಕ್ಕ ಮುಗಿಯುವ ದಿನಗಳಲ್ಲಿ ಉಂಡ ಊಟ ಖಾತೆಗೆ ಏರುವಷ್ಟರಲ್ಲಿ ಮುಂದಿನ ಸ್ಟೇಟ್‌ಮೆಂಟಿಗೆ ಬಿದ್ದಿರಬಹುದು. ನನ್ನ ವಿಷಯದಲ್ಲಿ ಇವೆರಡೂ ಸರಿಯಾಗಿದ್ದವು.

ಸರಿ ಇಲ್ಲದ್ದು ಹೆಸರು. ಸ್ಟೇಟ್‌ಮೆಂಟಿನಲ್ಲಿ ಹೋಟೆಲಿನ ಬೋರ್ಡಿನ ಮೇಲಿದ್ದ ಹೆಸರೇ ಇರಲಿಲ್ಲ. ಅದರ ಜಾಗದಲ್ಲಿ ‘ಜನರಲ್ ಟ್ರೇಡಿಂಗ್ ಆ್ಯಂಡ್ ಕೇಟರಿಂಗ್’ ಎಂದು ಕೊನೆಯಾಗುವ ಒಂದು ಕಂಪನಿಯ ಹೆಸರಿತ್ತು.

ವಿಷಯದ ಗಂಟು ಇರುವುದು ಇಲ್ಲೇ. ಕಾರ್ಡ್ ತೆಗೆದುಕೊಳ್ಳುವ ಪ್ರತಿಯೊಬ್ಬ ವ್ಯಾಪಾರಿಗೂ ನಾಲ್ಕು ಅಂಕಿಯ ಒಂದು ವರ್ಗ ಸಂಕೇತ ಇರುತ್ತದೆ, ಬ್ಯಾಂಕಿನವರು ಅದನ್ನು ಎಂಸಿಸಿ ಎನ್ನುತ್ತಾರೆ. ಹೋಟೆಲುಗಳಿಗೆ 5812, ಫಾಸ್ಟ್ ಫುಡ್ಡಿಗೆ 5814, ಕೇಟರಿಂಗ್ ನಡೆಸುವವರಿಗೆ 5811, ಬೇಕರಿಗೆ 5462, ಸೂಪರ್‌ಮಾರ್ಕೆಟ್ಟಿಗೆ 5411, ವಸತಿ ಹೋಟೆಲಿಗೆ 7011. ಇದನ್ನು ಕೊಡುವುದು ನಮ್ಮ ಬ್ಯಾಂಕಲ್ಲ. ವ್ಯಾಪಾರಿಗೆ ಮಿಷಿನ್ ಕೊಟ್ಟ ಬ್ಯಾಂಕು, ಅವನ ಮುಖ್ಯ ವ್ಯಾಪಾರ ಏನೆಂದು ನೋಡಿ ಕೊಡುತ್ತದೆ. ನಾವು ಏನು ತಿಂದೆವು, ಎಲ್ಲಿ ಕೂತು ತಿಂದೆವು ಎಂಬುದು ಕಾರ್ಡ್ ಕೊಟ್ಟ ಬ್ಯಾಂಕಿನ ಕಂಪ್ಯೂಟರಿಗೆ ಕಾಣುವುದಿಲ್ಲ. ಅದಕ್ಕೆ ಕಾಣುವುದು ಮೊತ್ತ, ತಾರೀಕು, ಹೆಸರು, ಮತ್ತು ಈ ನಾಲ್ಕು ಅಂಕಿ. ಸ್ಟಾರ್ ಹೋಟೆಲಿನೊಳಗಿನ ರೆಸ್ಟೋರೆಂಟಿನಲ್ಲಿ ಉಂಡರೆ ಅದು ವಸತಿಯ ಲೆಕ್ಕಕ್ಕೆ ಹೋಗಬಹುದು. ಸೂಪರ್‌ಮಾರ್ಕೆಟ್ ಒಳಗಿನ ಕ್ಯಾಂಟೀನಿನಲ್ಲಿ ಉಂಡದ್ದು ದಿನಸಿಯಾಗಬಹುದು.

ಅರ್ದಿಯಾದಂಥ ಜಾಗದಲ್ಲಿ ಹೀಗಾಗುವುದಕ್ಕೆ ಕಾರಣವೂ ಉಂಟು. ಒಂದೇ ಕಂಪನಿಗೆ ಗೋದಾಮು, ದೊಡ್ಡ ಅಡುಗೆಮನೆ, ಆಫೀಸುಗಳಿಗೆ ಊಟ ಸಾಗಿಸುವ ವ್ಯಾನುಗಳು, ಜೊತೆಗೆ ಕುರ್ಚಿ ಮೇಜು ಹಾಕಿದ ಒಂದು ಹೋಟೆಲು ಇರುವುದು ನಾನು ದಿನವೂ ಕಾಣುವ ಸಂಗತಿ. ಕ್ಯಾಶಿನಲ್ಲಿದ್ದ ಮಂಗಳೂರಿನ ಹುಡುಗನನ್ನು ಕೇಳಿದೆ. “ನಮ್ದು ಕಿಚನ್, ಕೇಟರಿಂಗ್, ಹೋಟೆಲು ಎಲ್ಲಾ ಒಂದೇ ಕಂಪನಿ ಹೆಸರಲ್ಲಿ ಉಂಟು ಮಾರಾಯ್ರೆ. ಮಿಷಿನ್ ಕೂಡ ಅದರದ್ದೇ,” ಎಂದ. ಅವನದಾಗಲಿ ಅವನ ಯಜಮಾನರದಾಗಲಿ ಇದರಲ್ಲಿ ಮೋಸ ಏನೂ ಇಲ್ಲ. ಅವರ ಮಟ್ಟಿಗೆ ದುಡ್ಡು ಖಾತೆಗೆ ಬಂದರೆ ಮುಗಿಯಿತು.

ಕಾಲ್ ಸೆಂಟರಿನವರು ಹೇಳಿದ್ದು “ಸಿಸ್ಟಮ್ಮಿನಲ್ಲಿ ಅರ್ಹತೆ ತೋರಿಸುತ್ತಿಲ್ಲ” ಎಂದಷ್ಟೇ. ಬೇಕಿದ್ದರೆ ಆ ವ್ಯವಹಾರದ ಮೇಲೆ ಡಿಸ್ಪ್ಯೂಟ್ ಹಾಕಬಹುದು ಎಂಬ ಸಲಹೆಯನ್ನೂ ಕೊಟ್ಟರು. ಈ ಸಲಹೆಯನ್ನು ಯಾರೂ ಒಪ್ಪಬೇಡಿ. ಡಿಸ್ಪ್ಯೂಟ್ ಎಂದರೆ ಆ ಹಣವನ್ನು ವ್ಯಾಪಾರಿಗೆ ಕೊಡಬಾರದಿತ್ತು ಎಂದು ಹೇಳಿದ ಹಾಗೆ. ನಾವು ಊಟ ಮಾಡಿದ್ದೇವೆ, ದುಡ್ಡು ಹೋಟೆಲಿನವರಿಗೆ ಸಲ್ಲಬೇಕಾದದ್ದೇ. ನಮ್ಮ ತಕರಾರು ಬ್ಯಾಂಕಿನ ಜೊತೆಗೆ. ಮೇಲಾಗಿ ಡಿಸ್ಪ್ಯೂಟ್ ಹಾಕಿದರೆ ಕಾರ್ಡನ್ನೇ ಬ್ಲಾಕ್ ಮಾಡಿ ಹೊಸದು ಕಳಿಸುವ ಸಾಧ್ಯತೆಯೂ ಇದೆ.

ನಾನು ಬ್ಯಾಂಕಿನ ದೂರು ಘಟಕಕ್ಕೆ ಇಮೇಲ್ ಬರೆದೆ. ಕೇಳಿದ್ದು ಎರಡು ಪ್ರಶ್ನೆ. ಈ ತಾರೀಕಿನ, ಈ ಮೊತ್ತದ ವ್ಯವಹಾರ ನಿಮ್ಮಲ್ಲಿ ಯಾವ ವರ್ಗ ಸಂಕೇತದಡಿ ದಾಖಲಾಗಿದೆ? ಊಟದ ಕ್ಯಾಶ್‌ಬ್ಯಾಕಿಗೆ ಯಾವ ಸಂಕೇತಗಳು ಸೇರುತ್ತವೆ, ಅದನ್ನು ನನಗೆ ಕೊಟ್ಟ ಷರತ್ತುಗಳಲ್ಲಿ ಎಲ್ಲಿ ಹೇಳಿದ್ದೀರಿ? ಜೊತೆಗೆ ಕಾರ್ಡ್ ಸ್ಲಿಪ್ಪಿನ ಫೋಟೊ, ಮತ್ತು ದೋಸೆ ಎಷ್ಟು, ಬಿರಿಯಾನಿ ಎಷ್ಟು ಎಂದು ಸಾಲುಸಾಲಾಗಿ ಬರೆದಿದ್ದ ಬಿಲ್ಲಿನ ಫೋಟೊ ಲಗತ್ತಿಸಿದೆ. ಸ್ಲಿಪ್ಪಿನಲ್ಲಿ ಟರ್ಮಿನಲ್ ನಂಬರು, ವ್ಯಾಪಾರಿಯ ನಂಬರು, ಅಪ್ರೂವಲ್ ಕೋಡ್ ಎಲ್ಲ ಇರುತ್ತವೆ, ಬ್ಯಾಂಕಿನವರಿಗೆ ಬೇಕಾದ್ದು ಅವೇ. ಫೋಟೊವನ್ನು ಹೋಟೆಲಿನಲ್ಲೇ ತೆಗೆದಿಟ್ಟುಕೊಳ್ಳಿ. ಶಾಖ ತಾಗಿದರೆ ಬಣ್ಣ ಬದಲಿಸುವ ಕಾಗದ ಅದು. ಇಲ್ಲಿನ ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರೆ ಸಂಜೆಯೊಳಗೆ ಪೂರಾ ಕಪ್ಪಾಗಿ ಒಂದಕ್ಷರವೂ ಉಳಿಯುವುದಿಲ್ಲ.

ಉತ್ತರ ಬಂತು. ಸಂಕೇತ 5811, ಕೇಟರಿಂಗ್. ಅವರ ಯೋಜನೆಗೆ ಸೇರುವುದು 5812 ಮತ್ತು 5814 ಮಾತ್ರ. ಆದರೆ ನನ್ನ ಕೈಯಲ್ಲಿದ್ದ ಷರತ್ತುಗಳ ಹಾಳೆಯಲ್ಲಿ ಬರೆದಿದ್ದುದು ‘ರೆಸ್ಟೋರೆಂಟುಗಳಲ್ಲಿ’ ಎಂದು. ಸಂಕೇತದ ಮಾತೇ ಅಲ್ಲಿರಲಿಲ್ಲ. ಕೂತು ಉಂಡ ಬಿಲ್ಲು ಇದೆ, ಹಾಳೆಯಲ್ಲಿ ಇಲ್ಲದ ಷರತ್ತನ್ನು ಆಮೇಲೆ ಹಾಕುವುದು ನ್ಯಾಯವಲ್ಲ ಎಂದು ಮತ್ತೆ ಬರೆದೆ. ಮುಂದಿನ ಸ್ಟೇಟ್‌ಮೆಂಟಿನಲ್ಲಿ ‘ಹೊಂದಾಣಿಕೆ’ ಎಂಬ ಸಾಲಿನಲ್ಲಿ 2.450 ದಿನಾರ್ ಜಮಾ ಆಗಿತ್ತು. ಅಷ್ಟರಿಂದ ಆ ಹೋಟೆಲಿನ ಸಂಕೇತವೇನೂ ಬದಲಾಗಿಲ್ಲ. ಅದನ್ನು ಬದಲಿಸಲು ಹೋಟೆಲಿನವರೇ ತಮ್ಮ ಬ್ಯಾಂಕನ್ನು ಕೇಳಬೇಕು. ಮ್ಯಾನೇಜರಿಗೆ ವಿಷಯ ಹೇಳಿ ಬಂದಿದ್ದೇನೆ. ಸದ್ಯಕ್ಕೆ ಅಲ್ಲಿ ಉಂಡರೆ, ಎಲ್ಲ ಖರ್ಚಿಗೂ ಒಂದೇ ದರ ಕೊಡುವ ಬೇರೆ ಕಾರ್ಡ್ ಬಳಸುತ್ತೇನೆ.

ಇಷ್ಟಕ್ಕೆಲ್ಲ ಬ್ಯಾಂಕಿನ ಬೆನ್ನು ಹತ್ತಬೇಕೇ ಎಂದು ಗೆಳೆಯರು ಕೇಳಿದರು. ಬ್ಯಾಂಕು ಕೊಡುವುದು ಉಡುಗೊರೆ ಎಂದುಕೊಂಡವರ ಮಾತು ಅದು. ನ್ಯೂಯಾರ್ಕಿನಲ್ಲಿ 1950ರಲ್ಲಿ ಡೈನರ್ಸ್ ಕ್ಲಬ್ ಕಾರ್ಡ್ ಶುರುವಾದಾಗ, ಅದನ್ನು ಒಪ್ಪಿದ ಹೋಟೆಲುಗಳು ಬಿಲ್ಲಿನ ಶೇ 7ರಷ್ಟನ್ನು ಕಾರ್ಡ್ ಕಂಪನಿಗೆ ಬಿಟ್ಟುಕೊಡುತ್ತಿದ್ದವು. ಈಗ ದರ ಇಳಿದಿದೆ, ದಾರಿ ಬದಲಾಗಿಲ್ಲ. ನಾವು ಕಾರ್ಡ್ ಉಜ್ಜಿದಾಗಲೆಲ್ಲ ಹೋಟೆಲಿನವರು ಒಂದು ಪಾಲು ಕಳೆದುಕೊಳ್ಳುತ್ತಾರೆ, ಅದರಲ್ಲಿ ದೊಡ್ಡ ಭಾಗ ನಮಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ ಸೇರುತ್ತದೆ. ಕ್ಯಾಶ್‌ಬ್ಯಾಕಿಗೆ ಆ ಹಣವೇ ಮುಖ್ಯ ಆಧಾರ. ಆ ಖರ್ಚನ್ನು ಹೋಟೆಲಿನವರು ಬೆಲೆಯಲ್ಲೇ ಸೇರಿಸಿರುತ್ತಾರೆ. ನಾವು ಕೊಟ್ಟದ್ದರಲ್ಲಿ ಒಂದು ಪಾಲನ್ನು ವಾಪಸು ಕೇಳುತ್ತಿದ್ದೇವೆ, ಸಂಕೋಚ ಬೇಡ. ಆದರೆ ಇಡೀ ಬಾಕಿಯನ್ನು ಪ್ರತಿ ತಿಂಗಳೂ ಪೂರ್ತಿ ಕಟ್ಟುವವರಿಗೆ ಮಾತ್ರ ಇದು ಲಾಭ. ಕನಿಷ್ಠ ಮೊತ್ತ ಕಟ್ಟಿ ಉಳಿದದ್ದನ್ನು ಮುಂದಕ್ಕೆ ಹಾಕುವವರ ಕ್ಯಾಶ್‌ಬ್ಯಾಕನ್ನು ಬಡ್ಡಿಯೇ ತಿಂದುಬಿಡುತ್ತದೆ.

ಕುವೈತಿನಲ್ಲಿ ಬ್ಯಾಂಕಿನ ದೂರು ಘಟಕದ ಉತ್ತರ ಸಮಾಧಾನ ಕೊಡದಿದ್ದರೆ ಕುವೈತ್ ಕೇಂದ್ರ ಬ್ಯಾಂಕಿನ ಗ್ರಾಹಕ ರಕ್ಷಣಾ ಘಟಕಕ್ಕೆ ಹೋಗಬಹುದು. ಮೊದಲು ನಿಮ್ಮ ಬ್ಯಾಂಕಿಗೇ ಬರೆದಿರಬೇಕು, ಅದಕ್ಕೆ ದಾಖಲೆ ಇರಬೇಕು. ಫೋನಿನಲ್ಲಿ ಆಡಿದ ಮಾತಿಗೆ ದಾಖಲೆ ಇಲ್ಲ. ಊರಿನಲ್ಲಿರುವವರಿಗೆ, ಊರಿನ ಬ್ಯಾಂಕಿನ ಕಾರ್ಡ್ ಇಟ್ಟುಕೊಂಡ ನಮ್ಮಂಥವರಿಗೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ವ್ಯವಸ್ಥೆ ಇದೆ. 2021ರ ನವೆಂಬರ್ 12ರಿಂದ ಅದು ಒಂದೇ ಏಕೀಕೃತ ವ್ಯವಸ್ಥೆಯಾಗಿ ನಡೆಯುತ್ತಿದೆ, ಶುಲ್ಕವಿಲ್ಲ. ಬ್ಯಾಂಕಿಗೆ ಬರೆದು 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಅಲ್ಲಿ ದೂರು ಕೊಡಬಹುದು.

ನಿಮ್ಮ ಕಳೆದ ತಿಂಗಳ ಸ್ಟೇಟ್‌ಮೆಂಟ್ ತೆಗೆದು ಹೊರಗಿನ ಊಟಗಳಿಗೆಲ್ಲ ಒಂದು ಗುರುತು ಹಾಕಿ. ಕ್ಯಾಶ್‌ಬ್ಯಾಕಿನ ಮೊತ್ತಕ್ಕೆ ಅದು ತಾಳೆಯಾಗದಿದ್ದರೆ ಇವತ್ತೇ ಬ್ಯಾಂಕಿಗೆ ಇಮೇಲ್ ಬರೆಯಿರಿ, ಮೊದಲ ಸಾಲಿನಲ್ಲೇ ವರ್ಗ ಸಂಕೇತ ಯಾವುದೆಂದು ಕೇಳಿ.