ಕೂಗು, ಬಿಡಿಸಿಕೋ, ಓಡು

ಪಾಠ 12



ದಿನ ಬೆಳಗಾದರೆ ನಮಗೆ ಹೊರಗಿನ ಕೆಲಸ ಇದ್ದೇ ಇದೆ. ಹೊಲಕ್ಕೆ ಹೋಗಬೇಕು. ಹುಲ್ಲು ಕೊಯ್ದು ತರಬೇಕು. ಸಂತೆಗೆ ಹೋಗಬೇಕು. ಗಾರ್ಮೆಂಟ್ಸ್ ಕೆಲಸ ಮುಗಿಸಿ ಕತ್ತಲಲ್ಲಿ ಬಸ್ ಇಳಿಯಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ಬಸ್ಸಿನಲ್ಲಿ ಓಡಾಡುವ ಹೆಂಗಸರು ಇನ್ನೂ ಹೆಚ್ಚಾದರು. ಒಳ್ಳೆಯದೇ ಆಯಿತು.

ಆದರೆ ದಾರಿಯಲ್ಲಿ ಯಾರಾದರೂ ಅಡ್ಡ ಬಂದರೆ? ಕೈ ಹಿಡಿದು ಎಳೆದರೆ?

"ಕತ್ತಲಾದ ಮೇಲೆ ಹೊರಗೆ ಹೋಗಬೇಡ" ಎಂದು ಹೇಳುವುದು ಸುಲಭ. ಹೋಗದಿದ್ದರೆ ಕೂಲಿ ಯಾರು ಕೊಡ್ತಾರೆ? ಮನೆಯಲ್ಲಿ ಕೂರುವುದು ಉಪಾಯ ಅಲ್ಲ. ನಮ್ಮನ್ನು ನಾವು ಕಾಪಾಡಿಕೊಳ್ಳುವುದನ್ನು ಕಲಿಯೋಣ.

1. ಮೊದಲು ಎಚ್ಚರ

ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ, ಮನೆಯಲ್ಲಿ ಒಬ್ಬರಿಗೆ ಹೇಳಿ ಹೋಗಿ. ಒಂದೇ ದಾರಿಯಲ್ಲಿ ಹೋಗುವವರು ಜೊತೆಗೂಡಿ ಹೋಗಿ. ಫೋನ್‌ನಲ್ಲಿ ಮಾತಾಡುತ್ತಾ ನಡೆಯಬೇಡಿ. ಕಿವಿ, ಕಣ್ಣು ದಾರಿಯ ಮೇಲೆ ಇರಲಿ.

ಯಾರೋ ಹಿಂದೆ ಬರುತ್ತಿದ್ದಾನೆ ಅನಿಸಿತೇ? ದಾರಿಯ ಆ ಬದಿಗೆ ದಾಟಿ ನೋಡಿ. ಅವನೂ ದಾಟಿದರೆ ಸುಮ್ಮನೆ ಮನೆ ಕಡೆ ಹೋಗಬೇಡಿ. ಅಂಗಡಿಗೆ ಹೋಗಿ. ದೀಪ ಇರುವ, ಜನ ಇರುವ ಮನೆಯ ಬಾಗಿಲು ತಟ್ಟಿ.

2. ದನಿಯೇ ಮೊದಲ ಆಯುಧ

ಕೆಟ್ಟ ಕೆಲಸ ಮಾಡುವವನಿಗೆ ಒಂದು ನಂಬಿಕೆ ಇರುತ್ತದೆ. "ಇವಳು ನಾಚಿಕೆಗೆ ಬಾಯಿ ಬಿಡೋದಿಲ್ಲ" ಅಂತ. ಅವನ ನಂಬಿಕೆ ಸುಳ್ಳು ಮಾಡಿ. ಹೊಟ್ಟೆಯಿಂದ ದನಿ ತೆಗೆದು ಕೂಗಿ.

ಬಸ್ಸಿನಲ್ಲಿ ಸುಮ್ಮನೆ "ಏಯ್" ಅಂದರೆ ಸಾಲದು. "ನೀಲಿ ಅಂಗಿಯವನೇ, ಕೈ ತೆಗಿ!" ಎನ್ನಿ. ಎಲ್ಲರ ಕಣ್ಣು ಅವನ ಮೇಲೆ ಬೀಳುತ್ತದೆ. ಸಹಾಯ ಕೇಳುವಾಗಲೂ ಒಬ್ಬರನ್ನೇ ತೋರಿಸಿ ಕೇಳಿ. "ಕನ್ನಡಕದ ಅಣ್ಣಾ, ಬನ್ನಿ, ಇವನನ್ನು ಹಿಡೀರಿ" ಎನ್ನಿ. "ಯಾರಾದರೂ ಬನ್ನಿ" ಅಂದರೆ ಯಾರೂ ಬಾರದೆ ಹೋಗಬಹುದು.

3. ಬಿಡಿಸಿಕೊಳ್ಳುವ ಬಗೆ

ಇದನ್ನು ಇಬ್ಬಿಬ್ಬರು ಎದುರು ನಿಂತು ಮಾಡಿ ನೋಡಿ. ನಿಧಾನವಾಗಿ ಮಾಡಿ. ಒಬ್ಬರಿಗೊಬ್ಬರು ನೋವು ಮಾಡಬೇಡಿ.

ಕೈ ಹಿಡಿದಾಗ: ಹಿಡಿದ ಕೈಯನ್ನು ನೋಡಿ. ನಾಲ್ಕು ಬೆರಳು ಒಂದು ಕಡೆ ಇವೆ. ಹೆಬ್ಬೆರಳು ಒಂದೇ ಇನ್ನೊಂದು ಕಡೆ ಇದೆ. ಹಿಡಿತ ಸಡಿಲ ಇರುವುದು ಹೆಬ್ಬೆರಳಿನ ಕಡೆಗೆ. ಮುಷ್ಟಿ ಕಟ್ಟಿ. ಮೊಣಕೈ ಮಡಚಿ. ಹೆಬ್ಬೆರಳಿನ ಕಡೆಗೇ ಒಮ್ಮೆಲೇ ಜಗ್ಗಿ. ಹಿಂದಕ್ಕೆ ಎಳೆದಾಡಿದರೆ ಶಕ್ತಿ ಇದ್ದವನು ಗೆಲ್ಲುತ್ತಾನೆ. ಹೆಬ್ಬೆರಳಿನ ಸಂದಿನಿಂದ ಜಗ್ಗಿದರೆ ನಾವು ಬಿಡಿಸಿಕೊಳ್ಳಬಹುದು.

ಹಿಂದಿನಿಂದ ತಬ್ಬಿ ಹಿಡಿದಾಗ: ಹಿಮ್ಮಡಿಯಿಂದ ಅವನ ಪಾದವನ್ನು ಜೋರಾಗಿ ತುಳಿಯಿರಿ. ಮೊಣಕೈಯಿಂದ ಹೊಟ್ಟೆಗೆ ಗುದ್ದಿ. ಅವನ ಕಿರುಬೆರಳು ಸಿಕ್ಕಿದರೆ ಹಿಂದಕ್ಕೆ ಮಡಚಿ.

ಜಡೆ ಹಿಡಿದಾಗ: ಎರಡು ಕೈಯಿಂದ ಅವನ ಕೈಯನ್ನು ನಿಮ್ಮ ತಲೆಗೇ ಒತ್ತಿ ಹಿಡಿಯಿರಿ. ಆಗ ಕೂದಲು ಎಳೆಯುವ ನೋವು ಕಡಿಮೆ. ಕಾಲಿನಿಂದ ಅವನ ಮೊಣಕಾಲಿಗೆ ಒದೆಯಿರಿ.

ಎದುರಿನಿಂದ ಬಂದಾಗ: ಅಂಗೈಯ ಬುಡದಿಂದ ಮೂಗಿಗೆ ಗುದ್ದಿ. ಮೊಣಕಾಲಿನಿಂದ ತೊಡೆ ಸಂದಿಗೆ ಗುದ್ದಿ. ಕಣ್ಣು, ಮೂಗು, ಗಂಟಲು, ತೊಡೆ ಸಂದು, ಮೊಣಕಾಲು: ಗಂಡಸು ಎಷ್ಟೇ ಬಲಶಾಲಿ ಇರಲಿ, ಈ ಐದು ಜಾಗ ಮೆತ್ತಗೇ.

ಬಿಟ್ಟ ಕೂಡಲೇ ಓಡಿ. ನಿಂತು ಜಗಳ ಆಡಬೇಡಿ. ಅವನನ್ನು ಸೋಲಿಸುವುದು ನಮ್ಮ ಕೆಲಸವಲ್ಲ. ಪಾರಾಗಿ ಮನೆ ಸೇರುವುದೇ ನಮ್ಮ ಗೆಲುವು.

4. ಅಜ್ಜಿ ಕೇಳಿದ ಪ್ರಶ್ನೆ

ಕಲಿಕಾ ಕೇಂದ್ರದಲ್ಲಿ ಈ ಪಾಠ ನಡೆಯಿತು.

ಅಜ್ಜಿ: ಹುಲ್ಲಿಗೆ ಹೋಗೋವಾಗ ನನ್ನ ಕೈಯಾಗೆ ಕುಡುಗೋಲು ಇರ್ತದಲ್ಲವ್ವಾ. ಅದೇ ಸಾಲದಾ?

ಟೀಚರ್: ಅವನು ಕಿತ್ತುಕೊಂಡರೆ ಅದು ನಿಮ್ಮ ಮೇಲೇ ಬರುತ್ತೆ ಅಜ್ಜಿ. ಬೇರೆ ದಾರಿ ಇಲ್ಲ ಅಂದಾಗ ಮಾತ್ರ ಅದು. ಹಿಡಿ ಮಣ್ಣು ಕಣ್ಣಿಗೆ ಎರಚಿ. ಛತ್ರಿ, ಟಾರ್ಚು, ಬುತ್ತಿ ಡಬ್ಬಿ ಇದ್ದರೂ ಆಯಿತು.

ಸೊಸೆ: ಖಾರದ ಪುಡಿ ಇಟ್ಟುಕೊಂಡರೆ?

ಟೀಚರ್: ಇಟ್ಟುಕೊಳ್ಳಮ್ಮ. ಆದರೆ ಗಾಳಿ ಎದುರು ಇದ್ದರೆ ನಿನ್ನ ಕಣ್ಣಿಗೇ ಬೀಳುತ್ತೆ. ಚೀಲದ ತಳದಲ್ಲಿ ಇದ್ದರೆ ಕೈಗೇ ಸಿಗೋದಿಲ್ಲ.

ಅಜ್ಜಿ: ಚಾಕು ತೋರಿಸಿ ಸರ ಕೇಳಿದರೆ?

ಟೀಚರ್: ಕೊಟ್ಟುಬಿಡಿ. ಸರವನ್ನು ದೂರ ಎಸೆದು ಇನ್ನೊಂದು ಕಡೆ ಓಡಿ. ಸರ ಮತ್ತೆ ಮಾಡಿಸಬಹುದು. ಪ್ರಾಣ ಮಾಡಿಸಕ್ಕಾಗಲ್ಲ.

ಸೊಸೆ: ಹೊಡೆದರೆ ನಮ್ಮ ಮೇಲೇ ಕೇಸ್ ಹಾಕಲ್ವಾ ಮೇಡಂ?

ಒಳ್ಳೆಯ ಪ್ರಶ್ನೆ. ಉತ್ತರ ಓದೋಣ.

5. ಕಾನೂನು ಏನು ಹೇಳುತ್ತದೆ?

2024ರ ಜುಲೈ 1ರಿಂದ ನಮ್ಮ ದೇಶದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರ 34ನೇ ಕಲಂ ಪ್ರಕಾರ, ತನ್ನ ರಕ್ಷಣೆಯ ಹಕ್ಕು ಬಳಸಿ ಮಾಡಿದ ಕೆಲಸ ಅಪರಾಧ ಅಲ್ಲ. ನಮ್ಮ ಮೈ ಕಾಪಾಡಿಕೊಳ್ಳುವುದು ನಮ್ಮ ಹಕ್ಕು. ಪಕ್ಕದವಳನ್ನು ಕಾಪಾಡುವುದೂ ನಮ್ಮ ಹಕ್ಕು.

ಆದರೆ ಇದಕ್ಕೆ ಮಿತಿ ಇದೆ. ಕಾಪಾಡಿಕೊಳ್ಳಲು ಎಷ್ಟು ಬೇಕೋ ಅಷ್ಟೇ. ಅವನು ಬಿಟ್ಟು ಓಡಿದ ಮೇಲೆ ಅಟ್ಟಿಸಿಕೊಂಡು ಹೋಗಿ ಹೊಡೆದರೆ ಅದು ರಕ್ಷಣೆ ಆಗುವುದಿಲ್ಲ.

ಪೊಲೀಸ್ ಠಾಣೆಯಲ್ಲಿ "ಇದು ನಮ್ಮ ಠಾಣೆಗೆ ಸೇರಲ್ಲ" ಎಂದು ವಾಪಸ್ ಕಳಿಸುವ ಹಾಗಿಲ್ಲ. ಇಂಥ ಅಪರಾಧದ ದೂರನ್ನು ಯಾವ ಠಾಣೆಯಲ್ಲಾದರೂ ಬರೆದುಕೊಳ್ಳಬೇಕು. ಲೈಂಗಿಕ ದೌರ್ಜನ್ಯದ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಎಫ್‌ಐಆರ್ ಪ್ರತಿಯನ್ನು ಪುಕ್ಕಟೆ ಕೊಡಬೇಕು. ಬರೆದದ್ದನ್ನು ಓದಿ ನೋಡಿ, ಆಮೇಲೆ ಸಹಿ ಮಾಡಿ. ಈಗ ನಿಮಗೆ ಓದಲು ಬರುತ್ತದಲ್ಲವೇ?

6. ಗೊತ್ತಿರುವವನೇ ಆದರೆ?

ದಾರಿಯಲ್ಲಿ ಹೋಗುವ ಅಪರಿಚಿತನಿಗೆ ನಾವು ಹೆದರುತ್ತೇವೆ. ಆದರೆ ಪೊಲೀಸರ ಹತ್ತಿರ ಬರುವ ಅತ್ಯಾಚಾರದ ಬಹುಪಾಲು ಕೇಸುಗಳಲ್ಲಿ ಆರೋಪಿ ಗೊತ್ತಿರುವವನೇ. ನೆಂಟ, ನೆರೆಯವ, ಕೆಲಸ ಕೊಡುವ ಮೇಸ್ತ್ರಿ, ಯಾರೂ ಆಗಬಹುದು. ಆದ್ದರಿಂದ "ನಮ್ಮೋರೇ ಅಲ್ವಾ" ಎಂದು ಸುಮ್ಮನಿರಬೇಡಿ. ಒಬ್ಬನ ಮುಟ್ಟುವಿಕೆ ಸರಿ ಇಲ್ಲ ಅನಿಸಿದರೆ, ಅದು ಸರಿ ಇಲ್ಲ.

ಗಂಡನೇ ಹೊಡೆದರೆ? ಅದಕ್ಕೂ ಕಾನೂನು ಇದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆ. ಹೊಡೆತ ನಿಲ್ಲಿಸಲು, ಅದೇ ಮನೆಯಲ್ಲಿ ಇರಲು ಕೋರ್ಟಿನಿಂದ ಆದೇಶ ಕೇಳಬಹುದು.

7. ಏನಾದರೂ ಆಗಿಬಿಟ್ಟರೆ

ಕೆಲವೊಮ್ಮೆ ಹೆದರಿಕೆಗೆ ಕೈಕಾಲು ಮರಗಟ್ಟಿ ಹೋಗುತ್ತದೆ. ದನಿಯೇ ಹೊರಡುವುದಿಲ್ಲ. ಅದು ನಿಮ್ಮ ತಪ್ಪಲ್ಲ. "ಯಾಕೆ ಕೂಗಲಿಲ್ಲ?" ಎಂದು ಯಾವ ಹೆಣ್ಣುಮಗಳನ್ನೂ ಕೇಳಬೇಡಿ.

ಸ್ನಾನ ಮಾಡಬೇಡಿ. ಬಟ್ಟೆ ಒಗೆಯಬೇಡಿ. ಅದೇ ಸಾಕ್ಷಿ. ಒಬ್ಬರ ಜೊತೆ ಬೇಗ ಆಸ್ಪತ್ರೆಗೆ ಹೋಗಿ. ಅತ್ಯಾಚಾರಕ್ಕೆ, ಆಸಿಡ್ ದಾಳಿಗೆ ಸಿಕ್ಕವರಿಗೆ ಸರ್ಕಾರಿ ಆಸ್ಪತ್ರೆಯೂ, ಖಾಸಗಿ ಆಸ್ಪತ್ರೆಯೂ ಪುಕ್ಕಟೆ ಚಿಕಿತ್ಸೆ ಕೊಡಲೇಬೇಕು. 'ಸಖಿ' ಕೇಂದ್ರದಲ್ಲಿ ತಂಗಲು ಜಾಗ, ವಕೀಲರ ಸಲಹೆ ಸಿಗುತ್ತದೆ.

"ಮಾನ ಹೋಗುತ್ತೆ" ಎಂದು ಮುಚ್ಚಿಡಬೇಡಿ. ಮಾನ ಹೋಗುವುದು ಕೆಟ್ಟ ಕೆಲಸ ಮಾಡಿದವನದು. ನಿಮ್ಮದಲ್ಲ.

ಈ ನಂಬರ್ ನೆನಪಿಡಿ

112 – ಪೊಲೀಸ್, ತುರ್ತು ಸಹಾಯ
181 – ಮಹಿಳಾ ಸಹಾಯವಾಣಿ
1098 – ಮಕ್ಕಳ ಸಹಾಯವಾಣಿ

ಇವನ್ನು ದೊಡ್ಡದಾಗಿ ಬರೆದು ಬಾಗಿಲ ಹಿಂದೆ ಅಂಟಿಸಿ. ಮಕ್ಕಳಿಗೂ ಬಾಯಿಪಾಠ ಮಾಡಿಸಿ.

ಅಭ್ಯಾಸ

ಒತ್ತಕ್ಷರದ ಪದ ಓದಿ, ಬರೆಯಿರಿ: ಎಚ್ಚರ, ಧೈರ್ಯ, ರಕ್ಷಣೆ, ಹಕ್ಕು, ಸಾಕ್ಷಿ, ಮುಷ್ಟಿ.

ಬಿಟ್ಟ ಜಾಗ ತುಂಬಿ:
ಅ) ಕೈ ಹಿಡಿದರೆ ________ ಕಡೆಗೆ ಜಗ್ಗಬೇಕು.
ಆ) ಎಫ್‌ಐಆರ್ ಪ್ರತಿ ________ ಸಿಗಬೇಕು.
ಇ) ತುರ್ತು ಸಹಾಯಕ್ಕೆ ________ ನಂಬರಿಗೆ ಫೋನ್ ಮಾಡಬೇಕು.

ಕೂಡಿ ಮಾತಾಡಿ:
ನಮ್ಮ ಊರಿನಲ್ಲಿ ಹೆಂಗಸರಿಗೆ ಹೆದರಿಕೆ ಆಗುವ ಜಾಗ ಯಾವುದು? ಬೀದಿ ದೀಪ ಎಲ್ಲಿ ಇಲ್ಲ? ಪಟ್ಟಿ ಮಾಡಿ. ಎಲ್ಲರೂ ಸಹಿ ಮಾಡಿ. ಗ್ರಾಮ ಪಂಚಾಯಿತಿಗೆ ಅರ್ಜಿ ಕೊಡಿ. ಹೆಬ್ಬೆಟ್ಟು ಒತ್ತಬೇಡಿ. ನಿಮ್ಮ ಹೆಸರನ್ನು ನೀವೇ ಬರೆಯಿರಿ.