ಪರಿಸರ ಮಾಲಿನ್ಯ ಮತ್ತು ನಮ್ಮ ಹೈನು: ವಿಧಗಳು, ಪರಿಣಾಮಗಳು, ತಡೆಯುವ ದಾರಿ

ಹಾಲು ಉತ್ಪಾದಕ ಸಹೋದರಿಯರೇ,

ಪರಿಸರ ಮಾಲಿನ್ಯ ಎಂದೊಡನೆ ದೊಡ್ಡ ಊರಿನ ಕಾರ್ಖಾನೆ, ಮೋಟಾರು ಗಾಡಿಗಳ ಹೊಗೆ ನೆನಪಾಗುತ್ತದೆ. ಆದರೆ ಆಳಂದ, ಅಫಜಲಪುರ, ಜೇವರ್ಗಿಯ ನಮ್ಮ ಹಳ್ಳಿಗಳಲ್ಲಿ ಅದರ ಪೆಟ್ಟು ಬಹಳ ಸಲ ಮೊದಲು ಬೀಳುವುದು ದನಗಳ ಮೇಲೆ. ನಾವು ನೀರು ಸೋಸಿ ಕುಡಿಯುತ್ತೇವೆ, ಬೇಳೆ ಆರಿಸಿ ಬೇಯಿಸುತ್ತೇವೆ. ಆಕಳು, ಎಮ್ಮೆಗಳಿಗೆ ಆ ಅನುಕೂಲ ಇಲ್ಲ. ಎದುರಿಗೆ ಬಿದ್ದದ್ದನ್ನು ಗಬಗಬನೆ ನುಂಗಿ, ಆಮೇಲೆ ಮಲಗಿ ಮೆಲುಕು ಹಾಕುವುದು ಅವುಗಳ ಸ್ವಭಾವ. ಹಾಗೆ ಒಳಗೆ ಹೋದ ಕೆಲವು ವಿಷಗಳು ಹಾಲಿನಲ್ಲಿ ಹೊರಬರುತ್ತವೆ. ಅದೇ ಹಾಲು ಸಂಘದ ಕ್ಯಾನಿಗೂ ಹೋಗುತ್ತದೆ, ಮನೆಯ ಕೂಸಿನ ಬಟ್ಟಲಿಗೂ ಹೋಗುತ್ತದೆ. ಆದ್ದರಿಂದ ಮಾಲಿನ್ಯದ ಪಾಠವನ್ನು ನಮ್ಮ ಕೊಟ್ಟಿಗೆಯಿಂದಲೇ ಕಲಿಯೋಣ.

1. ನೆಲದ ಮಾಲಿನ್ಯ: ಪ್ಲಾಸ್ಟಿಕ್, ಮೊಳೆ, ತಂತಿ

ಉಳಿದ ಅನ್ನ, ರೊಟ್ಟಿಯನ್ನು ಕ್ಯಾರಿಬ್ಯಾಗಿನಲ್ಲಿ ಗಂಟು ಕಟ್ಟಿ ತಿಪ್ಪೆಗೆ ಎಸೆಯುತ್ತೇವೆ. ದನಕ್ಕೆ ಗಂಟು ಬಿಚ್ಚಲು ಬರುವುದಿಲ್ಲ, ಅನ್ನದ ವಾಸನೆಗೆ ಚೀಲವನ್ನೇ ನುಂಗುತ್ತದೆ. ಪ್ಲಾಸ್ಟಿಕ್ ಕರಗುವುದಿಲ್ಲ, ಸಗಣಿಯಲ್ಲಿ ಹೊರಬರುವುದೂ ಕಷ್ಟ. ಹೊಟ್ಟೆಯಲ್ಲಿ ಹಗ್ಗದಂತೆ ಹೊಸೆದುಕೊಂಡು ಗಡ್ಡೆ ಕಟ್ಟುತ್ತದೆ. ಮೇವು ಕಡಿಮೆಯಾಗುವುದು, ಮೆಲುಕು ನಿಲ್ಲುವುದು, ಪದೇ ಪದೇ ಹೊಟ್ಟೆ ಉಬ್ಬರಿಸುವುದು, ಹಾಲು ಇಳಿಯುವುದು ಇದರ ಲಕ್ಷಣ. ಇದನ್ನು ಕರಗಿಸುವ ಔಷಧಿ ಇಲ್ಲ. ಹೊಟ್ಟೆ ಕೊಯ್ದೇ ತೆಗೆಯಬೇಕು. ಮೊಳೆ, ತಂತಿ ಇನ್ನೂ ಅಪಾಯ. ಅವು ಸೇರುವ ಜಾಲರಿ ಹೊಟ್ಟೆ ಹೃದಯಕ್ಕೆ ಹತ್ತಿರವಿದ್ದು, ಚುಚ್ಚಿಕೊಂಡು ಹೃದಯಕ್ಕೇ ತಾಗಬಹುದು.

ಕರ್ನಾಟಕದಲ್ಲಿ 2016ರಿಂದ ಪ್ಲಾಸ್ಟಿಕ್ ಚೀಲಗಳಿಗೆ ನಿಷೇಧವಿದೆ. ಆದರೂ ಸಂತೆಯಿಂದ ಅವು ಮನೆಗೆ ಬರುತ್ತಲೇ ಇವೆ. ಸಂತೆಗೆ ಬಟ್ಟೆ ಚೀಲ ಒಯ್ಯಿರಿ. ಉಳಿದ ಅಡುಗೆಯನ್ನು ಚೀಲದಲ್ಲಿ ಕಟ್ಟಿ ಎಸೆಯಬೇಡಿ. ಅನ್ನ, ಹಿಟ್ಟನ್ನು ದನಕ್ಕೆ ಒಮ್ಮೆಲೇ ಹೆಚ್ಚು ಕೊಟ್ಟರೂ ಹೊಟ್ಟೆ ಹುಳಿಯಾಗಿ ಪ್ರಾಣಕ್ಕೆ ಬರುತ್ತದೆ, ಎಚ್ಚರ.

2. ವಿಷದ ಮಾಲಿನ್ಯ: ತೊಗರಿಗೆ ಹೊಡೆಯುವ ಎಣ್ಣೆ

ತೊಗರಿ ಹೂ ಬಿಟ್ಟಾಗ ಕಾಯಿಕೊರಕಕ್ಕೆ ಎಣ್ಣೆ ಹೊಡೆಯುತ್ತೇವೆ. ಅದೇ ಹೊಲದ ಬದುವಿನ ಹುಲ್ಲನ್ನು ಸಂಜೆಗೆ ಕೊಯ್ದು ತರುವವರೂ ನಾವೇ. ಹುಲ್ಲಿನ ಮೇಲೆ ಬಿದ್ದ ಎಣ್ಣೆ ದನದ ಹೊಟ್ಟೆಗೆ ಹೋಗುತ್ತದೆ. ಕೆಲವು ಕೀಟನಾಶಕಗಳು ಕೊಬ್ಬಿನಲ್ಲಿ ಉಳಿದು ಹಾಲು, ಬೆಣ್ಣೆ, ತುಪ್ಪಕ್ಕೂ ಬರುತ್ತವೆ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಸಿಂಪಡಿಸಿದ ಎಂಡೋಸಲ್ಫಾನ್ ಇಂಥದೇ ವಿಷ. ಅದನ್ನು 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸಿತು. ಅಲ್ಲಿನ ಕುಟುಂಬಗಳ ಸಂಕಟ ಇನ್ನೂ ಮುಗಿದಿಲ್ಲ.

ಎಣ್ಣೆ ಹೊಡೆದ ಹೊಲದ, ಬದುವಿನ ಹುಲ್ಲನ್ನು ಕನಿಷ್ಠ 15 ದಿನ ಮುಟ್ಟಬೇಡಿ; ಡಬ್ಬಿಯ ಮೇಲೆ ಹೆಚ್ಚು ದಿನ ಬರೆದಿದ್ದರೆ ಅಷ್ಟು ದಿನ ಬಿಡಿ. ಖಾಲಿ ಡಬ್ಬಿಯಲ್ಲಿ ಹಾಲು, ನೀರು, ಹಿಂಡಿ ತುಂಬಬೇಡಿ. ಪಂಪನ್ನು ಹಳ್ಳದಲ್ಲಾಗಲಿ ದನದ ತೊಟ್ಟಿಯ ಹತ್ತಿರವಾಗಲಿ ತೊಳೆಯಬೇಡಿ.

ದನ ಜೊಲ್ಲು ಸುರಿಸುತ್ತಾ ನಡುಗಿದರೆ, ಭೇದಿಯಾಗಿ ಉಸಿರಾಟಕ್ಕೆ ಒದ್ದಾಡಿದರೆ ವಿಷ ಬಿದ್ದಿರಬಹುದು. ಕೂಡಲೇ ಪಶು ವೈದ್ಯರಿಗೆ ಅಥವಾ 1962ಕ್ಕೆ ಕರೆ ಮಾಡಿ, ಎಣ್ಣೆಯ ಡಬ್ಬಿಯನ್ನು ತೋರಿಸಲು ಇಟ್ಟುಕೊಳ್ಳಿ. ಬಾಯಿಗೆ ಎಣ್ಣೆ, ಮಜ್ಜಿಗೆ ಏನನ್ನೂ ಹೊಯ್ಯಬೇಡಿ. ಅದು ಶ್ವಾಸಕೋಶಕ್ಕೆ ಇಳಿದರೆ ದನ ಉಳಿಯುವುದು ಕಷ್ಟ.

3. ನೀರಿನ ಮಾಲಿನ್ಯ

ಹಾಲಿನಲ್ಲಿ ಸುಮಾರು 87 ಭಾಗ ನೀರೇ. ನಮ್ಮ ಬೇಸಿಗೆಯಲ್ಲಿ ಹಾಲು ಕೊಡುವ ದನಕ್ಕೆ ದಿನಕ್ಕೆ 60ರಿಂದ 80 ಲೀಟರ್ ನೀರು ಬೇಕಾಗುತ್ತದೆ. ಭೀಮೆ ಮಹಾರಾಷ್ಟ್ರದ ಊರುಗಳನ್ನು ದಾಟಿ ನಮ್ಮಲ್ಲಿಗೆ ಬರುವ ನದಿ. ದಾರಿಯ ಕೊಳೆಯೂ ಅದರೊಡನೆ ಬರುತ್ತದೆ. ಬೇಸಿಗೆಯಲ್ಲಿ ಹರಿವು ನಿಂತಾಗ ಭೀಮೆಯ ಮಡುಗಳಲ್ಲಿ, ಕೆರೆ, ಹಳ್ಳಗಳಲ್ಲಿ ನೀರು ಹಸಿರು ಕೆನೆಗಟ್ಟುತ್ತದೆ. ಆ ಕೆನೆಯಲ್ಲಿ ದನವನ್ನು ಕೊಲ್ಲುವಷ್ಟು ವಿಷ ಇರಬಹುದು. ಅಂಥ ನೀರಿಗೆ ದನ ಬಿಡಬೇಡಿ.

ತಿಪ್ಪೆ ಬಾವಿ, ಬೋರಿನಿಂದ ಕನಿಷ್ಠ 50 ಅಡಿ ದೂರ, ಇಳಿಜಾರಿನ ಕಡೆಗೆ ಇರಲಿ. ಮಳೆಗಾಲದಲ್ಲಿ ತಿಪ್ಪೆಯ ರಸ ಬಸಿದು ನೀರಿಗೆ ಸೇರಿದರೆ ಮನೆಯವರಿಗೆ ವಾಂತಿ-ಭೇದಿ, ಕರುಗಳಿಗೆ ಭೇದಿ ತಪ್ಪದು. ದನದ ತೊಟ್ಟಿಯನ್ನು ವಾರಕ್ಕೊಮ್ಮೆ ಉಜ್ಜಿ ತೊಳೆದು ಸುಣ್ಣ ಬಳಿಯಿರಿ.

4. ಗಾಳಿಯ ಮಾಲಿನ್ಯ

ಕುಳ್ಳು, ತೊಗರಿ ಕಟ್ಟಿಗೆಯ ಹೊಗೆ ಮೊದಲು ನಿಮ್ಮ ಎದೆಗೆ ಹೋಗುತ್ತದೆ. ಒಲೆ ಹೊತ್ತಿಸಲು ಪ್ಲಾಸ್ಟಿಕ್ ಹಾಕಿದರೆ ಆ ಹೊಗೆ ವಿಷವೇ ಆಗುತ್ತದೆ. ಅದರ ಮಸಿ ಮೇವಿನ ಮೇಲೂ ಕೂರುತ್ತದೆ. ಗಾಳಿಯಾಡದ ಕೊಟ್ಟಿಗೆಯಲ್ಲಿ ಗಂಜಲದಿಂದ ಏಳುವ ಅಮೋನಿಯಾ ಕರುಗಳ ಕಣ್ಣು ಉರಿಸಿ ಕೆಮ್ಮು ತರುತ್ತದೆ. ಕೊಟ್ಟಿಗೆಗೆ ಎದುರುಬದುರು ಕಿಂಡಿ ಬಿಡಿ, ಗಂಜಲ ಹರಿಯಲು ಕಾಲುವೆ ಮಾಡಿ. ಮೂರು-ನಾಲ್ಕು ದನ ಇದ್ದವರು 2 ಘನ ಮೀಟರಿನ ಗೋಬರ್ ಗ್ಯಾಸ್ ನಡೆಸಬಹುದು. ದಿನಕ್ಕೆ ಸುಮಾರು 50 ಕಿಲೋ ಸಗಣಿ ಸಾಕು. ಹೊಗೆ ಇಲ್ಲದ ಒಲೆ ಸಿಗುತ್ತದೆ, ಉಳಿದ ಬಗ್ಗಡ ಹೊಲಕ್ಕೆ ಒಳ್ಳೆಯ ಗೊಬ್ಬರ.

5. ಶಬ್ದದ ಮಾಲಿನ್ಯ

ಜಾತ್ರೆ, ಮದುವೆಯ ಡಿಜೆ, ಪಟಾಕಿಗೆ ದನ ಬೆದರುತ್ತದೆ. ಬೆದರಿದ ದನ ಹಾಲು ಇಳಿಸುವುದಿಲ್ಲ, ಕೆಚ್ಚಲಲ್ಲೇ ಹಿಡಿದುಕೊಳ್ಳುತ್ತದೆ. ಹಾಲು ಹಿಂಡುವ ಹೊತ್ತಿಗೆ ಕೊಟ್ಟಿಗೆಯ ಹತ್ತಿರ ಗದ್ದಲ ಆಗದಂತೆ ಊರಿನವರಿಗೆ ಹೇಳಿ.

ಸಹೋದರಿಯರೇ, ಭೀಮೆಯನ್ನು ಒಬ್ಬರೇ ಶುಚಿ ಮಾಡಲಾಗದು. ಆದರೆ ತಿಪ್ಪೆಗೆ ಏನು ಬೀಳಬೇಕು, ಗೋದಲಿಗೆ ಯಾವ ಹುಲ್ಲು ಬರಬೇಕು ಎಂಬುದು ದಿನಾ ನಿಮ್ಮ ಕೈಯಲ್ಲೇ ಇದೆ. ಮುಂದಿನ ಸಂಘದ ಸಭೆಯಲ್ಲಿ ಎರಡು ಮಾತು ತೀರ್ಮಾನಿಸಿ: ಊರಿನ ಪ್ಲಾಸ್ಟಿಕ್ ಕೂಡಿಸಿ ಪಂಚಾಯಿತಿ ಕಸದ ಗಾಡಿಗೆ ಕೊಡುವುದು, ಎಣ್ಣೆ ಹೊಡೆದ ಹೊಲದ ಬದುವಿಗೆ ಕೆಂಪು ಬಟ್ಟೆ ಕಟ್ಟುವುದು. ಕೆಂಪು ಬಟ್ಟೆ ಕಂಡ ಕಡೆ ಯಾರೂ ಹುಲ್ಲಿಗೆ ಕುಡುಗೋಲು ಹಾಕದಿರಲಿ.