ಹಿಂಗಾಲಿಗೊಂದು ಕೈ ಆಸರೆ

ಪ್ರಶ್ನೆ: ನಾವಿರುವುದು ಶಿರಸಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಮಕ್ಕಳಿಬ್ಬರೂ ಬೆಂಗಳೂರು ಸೇರಿದ ಮೇಲೆ ಮನೆಯಲ್ಲಿ ನಾನು, ಯಜಮಾನರು ಮತ್ತು ನಮ್ಮ ಕೆಂಚ ಮಾತ್ರ. ಕೆಂಚ ಹನ್ನೊಂದು ವರ್ಷದ ಗಂಡು ಲ್ಯಾಬ್ರಡಾರ್, ತೂಕ 36 ಕೆ.ಜಿ. ಮಳೆಗಾಲ ಮುಗಿಯುವ ಹೊತ್ತಿಗೆ ಅವನ ಹಿಂಗಾಲು ಸೋಲತೊಡಗಿತು. ಈಗ ಮಲಗಿದಲ್ಲಿಂದ ಏಳಲು ಒದ್ದಾಡುತ್ತಾನೆ. ನಡೆದರೆ ಸೊಂಟ ವಾಲುತ್ತದೆ, ಪಾದ ಮಡಚಿಕೊಂಡು ಉಗುರು ನೆಲಕ್ಕೆ ಉಜ್ಜುತ್ತದೆ. ಬೊಗಳುವುದೂ ಮೊದಲಿನಂತಿಲ್ಲ, ಗಂಟಲು ಕಟ್ಟಿದ ಹಾಗಿದೆ. ವಯಸ್ಸಾಯಿತಲ್ಲ ಎಂದುಕೊಂಡಿದ್ದೇವೆ. ಮಗ ಹೊಟ್ಟೆಗೆ ಕಟ್ಟಿ ಎತ್ತುವ ಒಂದು ಬೆಲ್ಟ್ ತರಿಸಿ ಕಳಿಸಿದ. ಅದನ್ನು ಕಟ್ಟಿ ಎತ್ತಿದ ಕೂಡಲೇ ಕೆಂಚ ನಿಂತಲ್ಲೇ ನಿಂತುಬಿಡುತ್ತಾನೆ, ಇಲ್ಲವೇ ತಿರುಗಿ ಪಟ್ಟಿಯನ್ನು ಕಚ್ಚುತ್ತಾನೆ. ನನಗೂ ಸೊಂಟನೋವು. ಯಜಮಾನರು ತಮ್ಮ ಮಂಡಿನೋವಿನ ಮಾತ್ರೆಯಲ್ಲಿ ಅರ್ಧ ಮುರಿದು ಎರಡು ಸಲ ಕೊಟ್ಟರು. ಕೆರೆಯಲ್ಲಿ ಈಜಿಸಿದರೆ ಕಾಲಿಗೆ ಬಲ ಬರುತ್ತದೆ ಎಂದು ಮಗ ಹೇಳುತ್ತಾನೆ. ಯಜಮಾನರು ಈಗ "ಇನ್ನು ನರಳಿಸುವುದು ಬೇಡ, ಇಂಜೆಕ್ಷನ್ ಕೊಡಿಸಿಬಿಡೋಣ" ಅನ್ನುತ್ತಿದ್ದಾರೆ. ಆದರೆ ಊಟದ ತಟ್ಟೆ ಕಂಡರೆ ಕೆಂಚನ ಬಾಲ ಈಗಲೂ ಆಡುತ್ತದೆ. ನನ್ನ ಆಸೆಗೋಸ್ಕರ ಅವನನ್ನು ಉಳಿಸಿಕೊಳ್ಳುತ್ತಿದ್ದೇನೆಯೇ?

ಉತ್ತರ: ಅಮ್ಮಾ, ಎಲ್ಲಕ್ಕಿಂತ ಮೊದಲು ಆ ಮಾತ್ರೆಯ ವಿಷಯ. ಇನ್ನೊಂದು ಚೂರೂ ಕೊಡಬೇಡಿ. ನಮ್ಮ ಮಂಡಿನೋವಿಗೆ ಬರೆದುಕೊಡುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥವು ನಾಯಿಗೆ ಒಗ್ಗುವುದಿಲ್ಲ. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರಬಹುದು, ಮೂತ್ರಪಿಂಡ ಕೆಡಬಹುದು. ಕೆಂಚ ವಾಂತಿ ಮಾಡಿದರೆ, ಊಟ ಬಿಟ್ಟರೆ, ಮಲ ಕಡುಕಪ್ಪಾಗಿ ಅಂಟಂಟಾಗಿ ಬಂದರೆ ಮರುದಿನಕ್ಕೆ ಕಾಯಬೇಡಿ. ಪಶುವೈದ್ಯರ ಬಳಿ ಯಾವ ಮಾತ್ರೆ, ಎಷ್ಟು, ಯಾವಾಗ ಕೊಟ್ಟದ್ದು ಎಂಬುದನ್ನು ಸಂಕೋಚವಿಲ್ಲದೆ ಹೇಳಿ. ಅದು ತಿಳಿಯದೆ ಅವರು ಸ್ಟಿರಾಯ್ಡ್ ಕೊಟ್ಟರೆ ಎರಡೂ ಸೇರಿ ಹೊಟ್ಟೆಗೆ ಇನ್ನಷ್ಟು ಕೇಡು. ನಾಯಿಗೆ ಹೊಂದುವ ನೋವಿನ ಔಷಧಿಗಳು ಇವೆ, ತೂಕ ನೋಡಿ ಅವರೇ ಬರೆದುಕೊಡುತ್ತಾರೆ. ಯಜಮಾನರು ಕೊಟ್ಟದ್ದು ಪ್ರೀತಿಯಿಂದಲೇ, ಅವರನ್ನು ಬೈಯುವುದು ಬೇಡ.

ಇನ್ನು ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋದ ಆ ಬೊಗಳಿನ ಮಾತು. ನನಗೆ ಪತ್ರದಲ್ಲಿ ಅತಿ ಮುಖ್ಯವಾಗಿ ಕಂಡದ್ದು ಅದೇ. ಧ್ವನಿಪೆಟ್ಟಿಗೆಯನ್ನು ಆಡಿಸುವ ನರ ತಲೆಯಿಂದ ನೇರವಾಗಿ ಗಂಟಲಿಗೆ ಬರುವುದಿಲ್ಲ. ಎದೆಯವರೆಗೂ ಇಳಿದು, ಅಲ್ಲಿಂದ ತಿರುಗಿ ಮೇಲೇರಿ ಗಂಟಲು ಸೇರುತ್ತದೆ. ಹಿಂಗಾಲಿನ ಪಾದಕ್ಕೆ ಹೋಗುವ ನರವೂ ಹಾಗೆಯೇ ಬಲು ಉದ್ದ. ವಯಸ್ಸಾದ ದೊಡ್ಡ ನಾಯಿಗಳಲ್ಲಿ, ಅದರಲ್ಲೂ ಲ್ಯಾಬ್ರಡಾರ್‌ಗಳಲ್ಲಿ, ಇಂಥ ಉದ್ದದ ನರಗಳೇ ಮೊದಲು ಸೋಲುವ ಒಂದು ಕಾಯಿಲೆ ಇದೆ. ಬೊಗಳು ಒಡೆಯುತ್ತದೆ, ಸೆಕೆಯಲ್ಲಿ ಏದುಸಿರಿನ ಜೊತೆ ಕರಕರ ಸದ್ದು ಬರುತ್ತದೆ, ನೀರು ಕುಡಿಯುವಾಗ ಕೆಮ್ಮು ಬರುತ್ತದೆ, ತಿಂಗಳುಗಳು ಕಳೆದಂತೆ ಹಿಂಗಾಲಿನ ಬಲ ಕುಗ್ಗುತ್ತದೆ. ಕೆಂಚನಿಗೆ ಇದೇ ಆಗಿದೆ ಎಂದು ನೋಡದೆ ಹೇಳುವುದು ಸರಿಯಲ್ಲ. ಆದರೆ ಪಾದ ಮಡಚಿಕೊಳ್ಳುವುದು ಬರೀ ಕೀಲುನೋವಿನ ಲಕ್ಷಣವಲ್ಲ, ಅಲ್ಲಿ ನರದ ತೊಂದರೆ ಇರುವ ಸಂಭವ ಹೆಚ್ಚು. ವೈದ್ಯರು ಅವನನ್ನು ನಿಲ್ಲಿಸಿ ಪಾದವನ್ನು ಮೆಲ್ಲಗೆ ತಿರುಗಿಸಿ ಇಡುತ್ತಾರೆ. ನರ ಸರಿ ಇರುವ ನಾಯಿ ತಕ್ಷಣ ಪಾದ ನೆಟ್ಟಗೆ ಮಾಡಿಕೊಳ್ಳುತ್ತದೆ, ಸರಿ ಇಲ್ಲದ್ದು ಹಾಗೇ ನಿಂತಿರುತ್ತದೆ.

ಈ ಅನುಮಾನ ಇರುವಷ್ಟು ಕಾಲ ಕೆರೆ ಬೇಡವೇ ಬೇಡ. ಬರೀ ಕೀಲುನೋವಿನ ನಾಯಿಗೆ ಈಜು ಒಳ್ಳೆಯ ವ್ಯಾಯಾಮ, ಮಗ ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಧ್ವನಿಪೆಟ್ಟಿಗೆ ಸೋತ ನಾಯಿ ನೀರು ಒಳಹೋಗದಂತೆ ಶ್ವಾಸನಾಳವನ್ನು ಮುಚ್ಚಿಕೊಳ್ಳಲಾರದು. ನೀರು ಸೀದಾ ಶ್ವಾಸಕೋಶಕ್ಕೆ ಇಳಿಯುತ್ತದೆ. ಕುತ್ತಿಗೆಯ ಬೆಲ್ಟನ್ನೂ ಬಿಚ್ಚಿಡಿ, ಹಗ್ಗ ಕಟ್ಟುವುದಿದ್ದರೆ ಎದೆಪಟ್ಟಿಗೆ ಕಟ್ಟಿ. ಬಿಸಿಲೇರಿದ ಮೇಲೆ ನಡೆಸಬೇಡಿ. ಯಾವತ್ತಾದರೂ ಉಸಿರಿಗೆ ಒದ್ದಾಡಿ ನಾಲಿಗೆ, ವಸಡು ನೀಲಿಗಟ್ಟಿದರೆ ಮೈಗೆ ತಣ್ಣೀರು ಹಾಕುತ್ತಾ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.

ವೈದ್ಯರಿಗೆ ತೋರಿಸುವಾಗ ರಕ್ತಪರೀಕ್ಷೆಯನ್ನೂ ಕೇಳಿ. ಮಲೆನಾಡಿನ ನಾಯಿಗೆ ಉಣುಗು ತಪ್ಪಿದ್ದಲ್ಲ, ಉಣುಗಿನಿಂದ ಬರುವ ಜ್ವರ ಕೀಲುಗಳನ್ನೂ ನರಗಳನ್ನೂ ಹಿಡಿಯಬಲ್ಲದು. ಸಮಯಕ್ಕೆ ಸಿಕ್ಕರೆ ಅದಕ್ಕೆ ಮದ್ದಿದೆ. ವಯಸ್ಸಾಯಿತು ಎಂಬುದು ಕಾಯಿಲೆಯ ಹೆಸರಲ್ಲ, ಅದನ್ನೇ ಕಾರಣವೆಂದು ಒಪ್ಪಿ ಕೂತರೆ ಗುಣವಾಗುವಂಥದ್ದೂ ಕೈತಪ್ಪಿ ಹೋಗುತ್ತದೆ. ನಿಮ್ಮಲ್ಲಿನ ಪಶು ಆಸ್ಪತ್ರೆಯಲ್ಲಿ ಎಕ್ಸ್‌ರೇ ಇಲ್ಲದಿದ್ದರೆ ಒಮ್ಮೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಈಗ ಬೆಲ್ಟಿಗೆ ಬರೋಣ. ಕೆಂಚ ಹಟಮಾರಿತನದಿಂದ ನಿಲ್ಲುತ್ತಿಲ್ಲ. ನೀವು ಬರೆದದ್ದನ್ನು ನೋಡಿದರೆ ಅವನನ್ನು ಎತ್ತುತ್ತಿದ್ದೀರಿ, ಎತ್ತಿದಾಗ ಅವನ ಹಿಂದಿನ ಪಾದಗಳಿಗೆ ನೆಲ ಸಿಗುತ್ತಿಲ್ಲ. ಮೊದಲೇ ಪಾದದ ಅರಿವು ಮಂಕಾದ ನಾಯಿಗೆ ಕಾಲಡಿಯ ನೆಲವೂ ಹೋದರೆ ಅದು ಹೆಜ್ಜೆ ಇಡುವುದಾದರೂ ಹೇಗೆ? ಮೇಲಾಗಿ ಹೊಟ್ಟೆಗೆ ಕಟ್ಟುವ ಅಗಲ ಪಟ್ಟಿ ಗಂಡು ನಾಯಿಗೆ ಹೊಂದುವುದು ಕಷ್ಟ. ಅದು ಜನನಾಂಗದ ಮೇಲೇ ಒತ್ತುತ್ತದೆ, ಮೂತ್ರಕ್ಕೆಂದು ಹೊರಗೆ ಕರೆದೊಯ್ದರೂ ಅವನಿಗೆ ಹೊಯ್ಯಲಾಗುವುದಿಲ್ಲ. ಅವನು ತಿರುಗಿ ಕಚ್ಚುವುದು ಇದಕ್ಕೇ ಇರಬಹುದು.

ಅವನಿಗೆ ಬೇಕಾದದ್ದು ಸೊಂಟದ ಹಾರ್ನೆಸ್. ಅದರಲ್ಲಿ ಎರಡೂ ತೊಡೆಗಳಿಗೆ ಬೇರೆಬೇರೆ ಕುಣಿಕೆ ಇರುತ್ತದೆ, ಭಾರ ಹೊಟ್ಟೆಯ ಬದಲು ತೊಡೆ ಮತ್ತು ಸೊಂಟದ ಮೂಳೆಯ ಮೇಲೆ ಬೀಳುತ್ತದೆ, ಮೂತ್ರದ ಜಾಗ ತೆರೆದಿರುತ್ತದೆ. ಕೊಳ್ಳುವಾಗ ತೂಕ ಒಂದನ್ನೇ ನೋಡಬೇಡಿ. ಟೇಪು ಹಿಡಿದು ಹಿಂಗಾಲಿನ ಮುಂದಿನ ಸೊಂಟದ ಸುತ್ತಳತೆ, ತೊಡೆಯ ಬುಡದ ಸುತ್ತಳತೆ ಎರಡನ್ನೂ ತೆಗೆದು, ಗಂಡು ನಾಯಿಗೆಂದು ಹೇಳಿ ತರಿಸಿ. ಸಿಗದಿದ್ದರೆ ಶಿರಸಿ ಪೇಟೆಯಲ್ಲಿ ಬ್ಯಾಗ್ ಹೊಲಿಯುವವರಿಗೆ ಚಿತ್ರ ತೋರಿಸಿ ಹೊಲಿಸಬಹುದು: ಹೊರಗೆ ಸ್ಕೂಲ್‌ಬ್ಯಾಗಿನ ಗಟ್ಟಿ ಪಟ್ಟಿ, ಒಳಗೆ ಮೈಗೆ ತಾಗುವಲ್ಲಿ ದಪ್ಪ ಮೆತ್ತನೆ ಹತ್ತಿಬಟ್ಟೆ. ಕಟ್ಟಿದ ಮೇಲೆ ಪಟ್ಟಿಯಡಿ ಎರಡು ಬೆರಳು ಸಲೀಸಾಗಿ ತೂರಬೇಕು. ಅಲ್ಲಿಯವರೆಗೆ ಸ್ನಾನದ ದೊಡ್ಡ ಟವೆಲನ್ನು ಹಿಂಗಾಲಿಗೆ ತುಸು ಮುಂದೆ ಹೊಟ್ಟೆಯಡಿ ಹಾಯಿಸಿ ಎರಡೂ ತುದಿ ಹಿಡಿದರೆ ಅಂಗಳದವರೆಗೆ ಸಾಕು. ಅದೂ ಅಲ್ಲೇ ಒತ್ತುವುದರಿಂದ ಅವನು ಮೂತ್ರಕ್ಕೆ ನಿಂತಾಗ ಸಡಿಲ ಬಿಡಿ.

ಹಿಡಿಕೆ ಎಷ್ಟು ಉದ್ದ ಎಂಬುದು ನಿಮ್ಮ ಸೊಂಟದ ಪ್ರಶ್ನೆ. ನೀವು ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಹಿಡಿಕೆ ಅಂಗೈಗೆ ಸಿಗಬೇಕು, ಬಗ್ಗಬೇಕಾಗಿ ಬಂದರೆ ಇನ್ನೊಂದು ಪಟ್ಟಿ ಸೇರಿಸಿ ಉದ್ದ ಮಾಡಿಸಿ. 36 ಕೆ.ಜಿ. ಹೊರಬೇಕೆಂಬ ಹೆದರಿಕೆ ಬೇಡ. ನಿಂತ ನಾಯಿಯ ಭಾರದಲ್ಲಿ ಶೇಕಡಾ 60ರಷ್ಟು ಮುಂಗಾಲಿನ ಮೇಲಿರುತ್ತದೆ. ಕೆಂಚನ ಹಿಂಗಾಲಿನ ಪಾಲು 14 ಕೆ.ಜಿ.ಯ ಆಸುಪಾಸು, ಅದರಲ್ಲೂ ಅವನ ಕಾಲು ಹೊರಲಾರದ್ದಷ್ಟೇ ನಿಮ್ಮ ಕೈಗೆ ಬರಬೇಕು. ಬೆನ್ನು ನೆಲಕ್ಕೆ ಸಮನಾಗಿದೆಯೇ ನೋಡಿಕೊಳ್ಳಿ. ಹಿಂಭಾಗ ಭುಜಕ್ಕಿಂತ ಮೇಲೇರಿದರೆ, ಪಾದ ಗಾಳಿಯಲ್ಲಿ ಆಡಿದರೆ ಎತ್ತಿದ್ದು ಹೆಚ್ಚಾಯಿತು. ಉಗುರು ಉಜ್ಜಿದರೆ ಒಂದಿಷ್ಟು ಬಿಗಿ ಮಾಡಿ. ನಾಲ್ಕು ದಿನ ಹಿಡಿದು ನಡೆದರೆ ಆ ಹದ ನಿಮ್ಮ ಕೈಗೇ ಗೊತ್ತಾಗುತ್ತದೆ.

ಏಳಿಸುವಾಗಲೂ ಮಲಗಿದವನನ್ನು ಹಿಂದಿನಿಂದ ಜಗ್ಗಬೇಡಿ. ಮುಂಗಾಲು ಊರಿ ಅವನೇ ಅರ್ಧ ಏಳಲಿ, ಆಮೇಲೆ ಸೊಂಟಕ್ಕೆ ಆಸರೆ ಕೊಡಿ. "ಏಳು ಕೆಂಚಾ" ಎಂದು ಪ್ರತಿ ಸಲವೂ ಒಂದೇ ಮಾತು ಹೇಳಿದರೆ ಆ ಮಾತಿಗೆ ಅವನು ಮೈ ಅಣಿಮಾಡಿಕೊಳ್ಳುತ್ತಾನೆ. ಹೊಸ ಹಾರ್ನೆಸನ್ನು ಮೊದಲ ದಿನವೇ ಕಟ್ಟಿ ನಡೆಸಬೇಡಿ. ನೆಲದ ಮೇಲಿಟ್ಟು ಮೂಸಲು ಬಿಡಿ, ಪಕ್ಕದಲ್ಲಿ ಅವನಿಗಿಷ್ಟವಾದ ತಿನಿಸಿಡಿ. ಆಮೇಲೆ ಕಟ್ಟಿ ಹಾಗೇ ಬಿಡಿ, ಹಿಡಿಕೆ ಮುಟ್ಟಬೇಡಿ. ಮೊದಲ ನಡಿಗೆ ಅವನು ತಾನಾಗಿ ಹೋಗಲು ಇಷ್ಟಪಡುವ ಕಡೆಗೇ ಇರಲಿ, ಅಡಿಗೆಮನೆ ಬಾಗಿಲಿಗೋ ಗೇಟಿಗೋ. ಹಾರ್ನೆಸ್ ದಿನವಿಡೀ ಮೈಮೇಲೆ ಇರಬಾರದು. ರಾತ್ರಿ ಬಿಚ್ಚಿಡಿ, ತೊಡೆಸಂದಿಯಲ್ಲಿ ಕೂದಲು ಉದುರಿದೆಯೇ, ಚರ್ಮ ಕೆಂಪಾಗಿದೆಯೇ ಎಂದು ದಿನಾ ನೋಡಿ. ನಿಮ್ಮ ಕಡೆ ಮಳೆಗಾಲದಲ್ಲಿ ಒದ್ದೆ ಪಟ್ಟಿ ಒಂದೇ ದಿನದಲ್ಲಿ ಚರ್ಮ ಕೆಡಿಸುತ್ತದೆ, ಹಾಗಾಗಿ ಎರಡು ಜೊತೆ ಇಟ್ಟುಕೊಳ್ಳುವುದು ಒಳ್ಳೆಯದು.

ಮನೆಯೊಳಗೆ ನುಣುಪಾದ ನೆಲವೇ ಅವನ ದೊಡ್ಡ ಶತ್ರು. ಗಾರೆಯಾಗಲಿ ಟೈಲ್ಸ್ ಆಗಲಿ, ಅವನು ಮಲಗುವಲ್ಲಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ ರಬ್ಬರ್ ಮ್ಯಾಟಿನ ಒಂದು ದಾರಿ ಹಾಸಿ. ಪಾದದಡಿಯ ಉದ್ದ ಕೂದಲು ಕತ್ತರಿಸಿ. ಮಡಚಿಕೊಳ್ಳುವ ಪಾದಕ್ಕೆ ಹೊರಗೆ ಹೋಗುವಾಗ ಮಾತ್ರ ರಬ್ಬರ್ ಅಡಿಯ ಶೂ ಹಾಕಿ. ಜಗಲಿಯ ಮೆಟ್ಟಿಲಿಗೆ ತೋಟದ ಹಲಗೆಯೊಂದನ್ನು ಓರೆಯಾಗಿಟ್ಟು ಮೇಲೆ ಗೋಣಿ ಬಡಿದರೆ ಏರುದಾರಿ ಸಿದ್ಧ.

ತೂಕವನ್ನೂ ಇಳಿಸಬೇಕು, ಇದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಜೀವಮಾನವಿಡೀ ಗಮನಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಕಾಲುಭಾಗ ಕಡಿಮೆ ತಿಂದು ಬೆಳೆದವು ಉಳಿದವುಗಳಿಗಿಂತ ಸುಮಾರು ಎರಡು ವರ್ಷ ಹೆಚ್ಚು ಬದುಕಿದವು, ಅವಕ್ಕೆ ಕೀಲುನೋವೂ ತಡವಾಗಿ ಬಂತು. ಕೆಂಚನ ತಟ್ಟೆಯಲ್ಲಿ ಅನ್ನ ಕಡಿಮೆ ಮಾಡಿ, ಎಷ್ಟು ಎಂಬುದನ್ನು ವೈದ್ಯರು ಅವನನ್ನು ನೋಡಿ ಹೇಳಲಿ. ಊಟದ ಹೊತ್ತಿನಲ್ಲಿ ಯಜಮಾನರ ಕೈಯಿಂದ ಜಾರುವ ದೋಸೆ ತುಂಡುಗಳೂ ಲೆಕ್ಕಕ್ಕೆ ಬರುತ್ತವೆ.

ಇನ್ನು ಇಂಜೆಕ್ಷನ್ನಿನ ಮಾತು. ಅದು ಪಾಪದ ಮಾತಲ್ಲ, ಗುಣವಾಗದ ನೋವಿನಲ್ಲಿ ನರಳುವ ಪ್ರಾಣಿಗೆ ಅದೂ ಒಂದು ಕರುಣೆ. ಆದರೆ ಕೆಂಚನ ಕಾಯಿಲೆ ಏನೆಂದೇ ಯಾರೂ ನೋಡಿಲ್ಲ, ಅಷ್ಟರಲ್ಲೇ ತೀರ್ಮಾನ ಮಾಡುವುದನ್ನು ನಾನು ಒಪ್ಪಲಾರೆ. ಆಲಿಸ್ ವಿಲ್ಲಾಲೋಬೋಸ್ ಎಂಬ ಅಮೆರಿಕದ ಪಶುವೈದ್ಯೆ ಇಂಥ ಹೊತ್ತಿಗೆಂದೇ ಒಂದು ಅಂಕಪಟ್ಟಿ ಮಾಡಿದ್ದಾರೆ. ನೋವು, ಊಟ, ನೀರು, ಮೈಯ ಶುಚಿ, ಉಲ್ಲಾಸ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎಂಬ ಏಳು ವಿಷಯಗಳಿಗೆ ಹತ್ತರಲ್ಲಿ ಇಷ್ಟೆಂದು ಅಂಕ. 70ಕ್ಕೆ 35 ದಾಟಿದರೆ ಆರೈಕೆ ಮುಂದುವರಿಸಬಹುದು ಎಂಬುದು ಅವರ ಲೆಕ್ಕ. ಓಡಾಟ ಏಳರಲ್ಲಿ ಒಂದು ಮಾತ್ರ ಎಂಬುದನ್ನು ಗಮನಿಸಿ. ನೀವೂ ಯಜಮಾನರೂ ವಾರಕ್ಕೊಮ್ಮೆ ಬೇರೆಬೇರೆ ಕೂತು ಅಂಕ ಹಾಕಿ, ಆಮೇಲೆ ಹೋಲಿಸಿ. ಎಲ್ಲಿ ಭಿನ್ನವೋ ಅದರ ಬಗ್ಗೆ ಮಾತಾಡಿಕೊಳ್ಳಿ. ನಿಮ್ಮ ಯಜಮಾನರಿಗೆ ಅವನ ಮೇಲೆ ಬೇಸರ ಬಂದಿದೆ ಎಂದು ನನಗೆ ಅನಿಸುವುದಿಲ್ಲ. ಅವನ ಒದ್ದಾಟ ನೋಡಲಾಗದೆ ಆಡಿದ ಮಾತದು. ಹಾರ್ನೆಸಿನ ಹಿಡಿಕೆಯನ್ನು ಬೆಳಗಿನ ಹೊತ್ತು ಅವರ ಕೈಗೇ ಕೊಡಿ.

ನೀವು ಕೇಳಿದ ಪ್ರಶ್ನೆಗೆ ನನ್ನ ಉತ್ತರ: ಇಲ್ಲ. ತಟ್ಟೆ ಕಂಡು ಬಾಲ ಆಡಿಸುವ ನಾಯಿಗೆ ಅಂಗಳದವರೆಗೆ ಹೋಗಿ ಬರಲು ಕೈ ಆಸರೆ ಕೊಡುವುದು ಸ್ವಾರ್ಥವಲ್ಲ. ಹನ್ನೊಂದು ವರ್ಷ ಮನೆಯೊಳಗೆ ಹೊಲಸು ಮಾಡದೆ ಬಾಳಿದವನಿಗೆ ಮಲಗಿದಲ್ಲೇ ಮೂತ್ರ ಆಗಿಹೋದರೆ ಮುಜುಗರವಾಗುತ್ತದೆ, ಅದನ್ನು ತಪ್ಪಿಸುವುದೂ ಈ ಹಾರ್ನೆಸಿನ ದೊಡ್ಡ ಉಪಕಾರ.

ಹಿಂಗಾಲು ಒಮ್ಮೆಲೇ ಪೂರ್ತಿ ಬಿದ್ದುಹೋದರೆ, ಮೂತ್ರ ಕಟ್ಟಿದರೆ, ಬೆನ್ನು ಮುಟ್ಟಿದರೆ ಕಿರುಚಿದರೆ ಮಾತ್ರ ಇದ್ಯಾವ ಅಭ್ಯಾಸವನ್ನೂ ಮಾಡಿಸಬೇಡಿ. ಹಲಗೆಯ ಮೇಲೆ ಮಲಗಿಸಿ ಅದೇ ದಿನ ಆಸ್ಪತ್ರೆಗೆ ಒಯ್ಯಿರಿ. ಉಳಿದಂತೆ ಈ ವಾರದೊಳಗೆ ಪರೀಕ್ಷೆ ಮಾಡಿಸಿ, ರಕ್ತದ ವರದಿಯಲ್ಲಿ ಏನು ಬಂತು, ಗಂಟಲು ನೋಡಿ ವೈದ್ಯರು ಏನಂದರು ಎಂಬುದನ್ನು ನನಗೆ ಬರೆದು ತಿಳಿಸಿ.